ಗೋಪುರದ ಪಕ್ಕದ ಬಿಳಿ ತಲೆ

ಗ್ರೀಸಣ್ಣನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವರ ಬೂಟುಗಳನ್ನು. ಅವು ನನ್ನ ಹಣೆಯ ಮಟ್ಟದಲ್ಲಿದ್ದವು. ಎಡಗಾಲಿನ ಬೂಟಿಗೆ ಲಾಡಿ ಇತ್ತು, ಬಲಗಾಲಿನದಕ್ಕೆ ಲಾಡಿಯ ಬದಲು ಕೆಂಪು ವೈರಿನ ತುಂಡು.

ಆಗ ನಾನು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ನಮ್ಮ ಹಳ್ಳಿಯಲ್ಲಿ ಮಹಡಿ ಎಂಬುದು ಇದ್ದದ್ದು ಶಾಲೆಗೊಂದಕ್ಕೇ. ಹಾಗಾಗಿ ನನಗೆ ಲಿಫ್ಟಿನ ಮೇಲೆ ನಂಬಿಕೆ ಇರಲಿಲ್ಲ, ಐದನೆಯ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದೆ. ಆ ದಿನ ಮಾತ್ರ ಕೈತುಂಬ ಫೈಲುಗಳಿದ್ದವು. ಲೆಕ್ಕಪತ್ರ ವಿಭಾಗದ ಮೇಡಂ, "ಬಾರಪ್ಪಾ, ಲಿಫ್ಟೇನು ನಿನ್ನ ತಿನ್ನಲ್ಲ" ಎಂದು ಕರೆದರು. ಹತ್ತಿದೆ. ಮೂರನೆಯ ಮಹಡಿ ದಾಟಿದ್ದೇ ತಡ, ಲಿಫ್ಟು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ದೀಪ ಆರಿತು. ಮೇಡಂ ಗಂಟೆಯ ಗುಂಡಿ ಒತ್ತಿದ ಬೆರಳನ್ನು ತೆಗೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ದನಿ ಕೇಳಿಸಿತು.

"ಒಳಗೆ ಎಷ್ಟು ಜನ?"

"ಇಬ್ಬರು!" ಎಂದೆ.

"ಯಾರಾದ್ರೂ ಅಳ್ತಿದೀರಾ?"

"ಇಲ್ಲ."

"ಹಾಗಾದ್ರೆ ನಿಧಾನಕ್ಕೆ ಬರ್ತೀನಿ. ಅಳೋರಿದ್ರೆ ಓಡಿ ಬರ್ತಿದ್ದೆ."

"ನಾನು ಅಳ್ತಿದೀನಿ, ಬೇಗ ಬಾರಯ್ಯಾ!" ಎಂದು ಮೇಡಂ ಕಿರುಚಿದರು.

"ಅಳೋರ ದನಿ ಅಲ್ಲ ಮೇಡಂ ಅದು, ಬೈಯೋರ ದನಿ" ಎಂದು ಅವರು ನಗುತ್ತಿದ್ದಂತೆಯೇ ಬಾಗಿಲು ಸರಿಯಿತು, ಬೂಟುಗಳು ಕಂಡವು. ಆಮೇಲೆ ಮಂಡಿ, ಆಮೇಲೆ ಬಾಗಿದ ಒಂದು ಉದ್ದನೆಯ ಮುಖ. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಮೊದಲು ಮೇಡಮ್ಮನ್ನು, ಆಮೇಲೆ ಫೈಲುಗಳನ್ನು, ಕೊನೆಗೆ ನನ್ನನ್ನು ಮೇಲೆಳೆದುಕೊಂಡರು. ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಅವರ ಐದೂ ಬೆರಳು ಕಪ್ಪಗೆ ಮೂಡಿದವು. ಕಚೇರಿಗೆ ಹಾಕಿಕೊಂಡು ಬರುವಂತಹ ಅಂಗಿ ನನ್ನ ಬಳಿ ಇದ್ದದ್ದು ಅದೊಂದೇ. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು.

"ಊಟದ ಹೊತ್ತಿಗೆ ತಾರಸಿಗೆ ಬಾ ತಮ್ಮಾ. ಈ ಗ್ರೀಸು ಬರೀ ನೀರಿಗೆ ಜಗ್ಗಲ್ಲ. ನನ್ನ ಹತ್ರ ಮದ್ದಿದೆ."

ಮದ್ದು ಎಂದರೆ ಪಾತ್ರೆ ತೊಳೆಯುವ ಸೋಪು ಮತ್ತು ಸವೆದ ಹಲ್ಲುಜ್ಜುವ ಬ್ರಷ್ಷು. ತಾರಸಿಯ ಮೇಲಿನ ಮೆಷಿನ್ ರೂಮಿನಲ್ಲಿ ನನ್ನನ್ನು ಬನಿಯನ್ನಿನಲ್ಲಿ ಕೂರಿಸಿ, ಅಂಗಿಯ ತೋಳನ್ನು ಮಗುವಿನ ಕೈ ತೊಳೆಯುವ ಹಾಗೆ ಉಜ್ಜಿದರು. ಕಲೆ ಹೋಯಿತು. ಮರುದಿನದಿಂದ ನಾನು ಊಟದ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಹೋಗತೊಡಗಿದೆ.

ಕಟ್ಟಡದವರೆಲ್ಲ ಅವರನ್ನು ಗ್ರೀಸಣ್ಣ ಎಂದೇ ಕರೆಯುತ್ತಿದ್ದರು. ಲಿಫ್ಟ್ ಕಂಪನಿಯ ಮೆಕ್ಯಾನಿಕ್ಕು. ನಮ್ಮ ಬೀದಿಯ ಕಟ್ಟಡಗಳೆಲ್ಲ ಅವರ ಪಾಲಿಗೆ ಬಂದಿದ್ದರೂ, ನಮ್ಮ ಮೆಷಿನ್ ರೂಮು ಅಗಲವಾಗಿದ್ದುದರಿಂದ ಸಾಮಾನೆಲ್ಲ ಅಲ್ಲೇ ಇಟ್ಟಿದ್ದರು. ನಡುವೆ ಮೋಟಾರು, ಅದರ ಪಕ್ಕ ಉಕ್ಕಿನ ಹಗ್ಗ ಹಾಯುವ ದೊಡ್ಡ ಚಕ್ರ, ಮೂಲೆಯಲ್ಲಿ ಮೂರು ಕಾಲಿನ ಸ್ಟೂಲು. ನಾಲ್ಕನೆಯ ಕಾಲಿನ ಜಾಗದಲ್ಲಿ ಇಟ್ಟಿಗೆ. ಕೆಳಗೆ ಯಾರಾದರೂ ಗುಂಡಿ ಒತ್ತಿದಾಗಲೆಲ್ಲ ಚಕ್ರ ತಿರುಗಿ ಇಡೀ ಕೋಣೆ ಗುಂಯ್ಗುಡುತ್ತಿತ್ತು. ಆಗ ನಾವು ಮಾತು ನಿಲ್ಲಿಸುತ್ತಿದ್ದೆವು, ನಿಂತ ಮೇಲೆ ಮುಂದುವರಿಸುತ್ತಿದ್ದೆವು.

ಅವರ ಒಂದು ಪದ್ಧತಿಯನ್ನು ಹೇಳಲೇಬೇಕು. ಲಿಫ್ಟು ಓಡಾಡುವ ಕತ್ತಲ ಬಾವಿಗೆ ಶಾಫ್ಟ್ ಎನ್ನುತ್ತಾರೆ. ಅದರೊಳಗೆ ಇಳಿಯುವ ಮೊದಲು ಗ್ರೀಸಣ್ಣ ಪ್ರತಿ ಮಹಡಿಯ ಬಾಗಿಲಿಗೂ ಬೋರ್ಡು ತಗಲಿಸಿ, ಲಿಫ್ಟಿನ ನೆತ್ತಿಯ ಮೇಲೆ ದೀಪ ಹಚ್ಚಿ, "ಒಳಗೆ ಆಳಿದ್ದಾನೆ!" ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ರಜೆಯ ದಿನ ಕಟ್ಟಡದಲ್ಲಿ ನರಪಿಳ್ಳೆ ಇಲ್ಲದಿದ್ದಾಗಲೂ ಕೂಗುತ್ತಿದ್ದರಂತೆ. ಕೆಳಗಿನ ಕಾವಲುಗಾರ, "ಯಾರಿಗಪ್ಪಾ ಹೇಳ್ತೀಯ, ಗೋಡೇಲಿರೋ ಹಲ್ಲಿಗಾ?" ಎಂದು ಗೇಲಿ ಮಾಡುತ್ತಿದ್ದ.

"ಹಲ್ಲಿಗೂ ಗೊತ್ತಾಗ್ಲಿ. ಕಾಣದ ಹಾಗೆ ಒಳಗಿರಬಾರದು ಕಣೋ, ಅದು ತಪ್ಪು" ಎನ್ನುತ್ತಿದ್ದರು. ಅವರಿಗೆ ಕೆಲಸ ಕಲಿಸಿದ ಗುರು ಹಾಗೆ ಕೂಗದೆ ಇಳಿದ ಒಂದು ದಿನ ತೀರಿಕೊಂಡಿದ್ದರು.

ಹೆಂಡತಿ ಮಗಳ ವಿಷಯ ತಿಳಿಯಲು ಬಹಳ ಕಾಲ ಹಿಡಿಯಿತು. ಅವರು ಹೇಳಿಕೊಳ್ಳುವ ಪೈಕಿ ಅಲ್ಲ. ಲಿಫ್ಟ್ ಮೆಕ್ಯಾನಿಕ್ಕಿನ ಫೋನು ಯಾವ ಹೊತ್ತಿನಲ್ಲಾದರೂ ಬಡಿದುಕೊಳ್ಳುತ್ತದೆ. ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡಿರುತ್ತಾರೆ, ಊಟದ ಮೇಲಿದ್ದರೂ ಏಳಬೇಕು. ಮಗಳು ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದ ಸಂಜೆ ಮುಂದಿನ ಸಾಲಿನ ಒಂದು ಕುರ್ಚಿಗೆ ತನ್ನ ಸ್ಕೂಲ್ ಬ್ಯಾಗು ಇಟ್ಟು ಅಪ್ಪನಿಗೆಂದು ಹಿಡಿದಿದ್ದಳು. ಗ್ರೀಸಣ್ಣ ಅಲ್ಲಿಗೆ ಮುಟ್ಟಿದಾಗ ಆಳುಗಳು ಕುರ್ಚಿ ಮಡಿಸುತ್ತಿದ್ದರು. ಅದೇ ಮೊದಲಲ್ಲ, ಅದೇ ಕೊನೆಯೂ ಅಲ್ಲ.

"ಅವಳಮ್ಮ ಒಂದು ದಿನ ಕೇಳಿದ್ಲು" ಎಂದರು. "ಊರೋರೆಲ್ಲ ಸಿಕ್ಕಿಹಾಕ್ಕೊಂಡಿದ್ದು ನಿಮಗೆ ಗೊತ್ತಾಗುತ್ತೆ, ನಾವಿಬ್ರೂ ಸಿಕ್ಕಿಹಾಕ್ಕೊಂಡಿದ್ದು ಯಾವಾಗ್ರೀ ಗೊತ್ತಾಗೋದು ಅಂತ."

ಆಕೆ ಮಗಳನ್ನು ಕರೆದುಕೊಂಡು ತನ್ನ ಅಕ್ಕನ ಊರಿಗೆ ಹೋಗಿ, ಅಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡರು. ಮಗಳು ಅಪ್ಪನ ಫೋನು ಎತ್ತುವುದನ್ನೇ ಬಿಟ್ಟಳು. ಒಮ್ಮೆ ಇವರು ಹೇಳದೆ ಹೋದಾಗ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡವಳು ಇವರು ಬಸ್ಸು ಹತ್ತುವ ತನಕ ಹೊರಗೆ ಬರಲಿಲ್ಲವಂತೆ.

ಈ ಕಥೆಯಲ್ಲಿ ಆಟ ಬರುವುದು ಇಲ್ಲಿಂದ. ಹೆಂಡತಿಯ ಅಕ್ಕನ ಮಗಳು ಕಾಲೇಜು ಓದುವ ಹುಡುಗಿ, ಇವರನ್ನು ಚಿಕ್ಕಪ್ಪ ಎಂದು ಅಕ್ಕರೆಯಿಂದ ಕರೆಯುವವಳು. ಅವಳು ತನ್ನ ಕಂಪ್ಯೂಟರಿನಲ್ಲಿ ಒಂದು ಆಟ ನಡೆಸುತ್ತಿದ್ದಳು. ಕಲ್ಲು, ಮಣ್ಣು, ಮರ ಎಲ್ಲವೂ ಚೌಕ ಚೌಕವಾಗಿರುವ ಒಂದು ಲೋಕ. ಮಕ್ಕಳು ತಮ್ಮ ತಮ್ಮ ಮನೆಗಳಿಂದ ಅದರೊಳಗೆ ಬಂದು ಸೇರುತ್ತಾರೆ, ಅಗೆಯುತ್ತಾರೆ, ಕಟ್ಟುತ್ತಾರೆ, ಒಬ್ಬರಿಗೊಬ್ಬರು ಬರೆದು ಹರಟುತ್ತಾರೆ. ಗ್ರೀಸಣ್ಣನ ಮಗಳೂ ಅವಳ ಶಾಲೆಯ ಗೆಳೆಯರೂ ಶಾಲೆ ಬಿಟ್ಟ ಮೇಲೆ ಅಲ್ಲೇ ಇರುತ್ತಿದ್ದರು. ಆ ಆಟಕ್ಕೆ ಆಟಗಾರನಾಗಿ ಮಾತ್ರವಲ್ಲ, ಬರೀ ನೋಡುಗನಾಗಿಯೂ ಹೋಗಬಹುದು. ನೋಡುಗನಿಗೆ ಮೈಯಿಲ್ಲ. ಹಾರಬಹುದು, ಗೋಡೆಯೊಳಗೂ ನುಗ್ಗಬಹುದು, ಬೇಕಾದರೆ ಹರಟೆಯಲ್ಲಿ ಬರೆಯಲೂಬಹುದು, ಆದರೆ ಒಂದು ಹುಲ್ಲುಕಡ್ಡಿ ಎತ್ತಲಾಗದು. ಆಡುವವರ ಕಣ್ಣಿಗೆ ಅವನು ಬೀಳುವುದೇ ಇಲ್ಲ.

ಚಿಕ್ಕಪ್ಪನ ಸಂಕಟ ನೋಡಲಾರದೆ ಆ ಹುಡುಗಿ ಗುಟ್ಟಾಗಿ ಅವರನ್ನು ನೋಡುಗನನ್ನಾಗಿ ಸೇರಿಸಿದ್ದಳು. ಹಳೆಯ ಲ್ಯಾಪ್‌ಟಾಪೊಂದನ್ನು ಉಪಕರಣದ ಪೆಟ್ಟಿಗೆಯ ಮೇಲಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಗ್ರೀಸಣ್ಣ ಮಗಳನ್ನು ನೋಡುತ್ತ ಕೂರುತ್ತಿದ್ದರು. ಮಕ್ಕಳು ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಸರಸರನೆ ಸರಿದುಹೋಗುವ ಆ ಸಾಲುಗಳನ್ನು ಓದಲು ಇವರಿಗೆ ಕಷ್ಟ. ಹಾಗಾಗಿ ಕಚೇರಿ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಓದಿ ಹೇಳುತ್ತಿದ್ದೆ. ನನಗೂ ಬಾಡಿಗೆ ಕೋಣೆಗೆ ಬೇಗ ಹೋಗಿ ಮಾಡುವಂಥದ್ದೇನೂ ಇರಲಿಲ್ಲ.

ಪರದೆಯ ಮೇಲೆ ಮಗಳೆಂದರೆ ಹಸಿರು ಅಂಗಿಯ ಒಂದು ಚೌಕ ಗೊಂಬೆ. ಅದು ನಡೆದರೆ ಇವರಿಗೆ ನಗು, ಕುಣಿದರೆ ನಗು. ಆದರೆ ಅವಳು ಕಟ್ಟಿಕೊಂಡ ಮನೆಯೊಳಗೆ ಮಾತ್ರ ಎಂದೂ ಹೋಗುತ್ತಿರಲಿಲ್ಲ.

"ಒಳಗೆ ಹೋಗಬಹುದಲ್ಲಣ್ಣ, ಗೋಡೆ ಅಡ್ಡ ಬರಲ್ಲ" ಎಂದೆ ಒಮ್ಮೆ.

"ಕರೀದೇ ಹೆಂಗೋ ಹೋಗೋದು? ಅದು ಅವಳ ಮನೆ."

ಕಿಟಕಿಯಾಚೆ ನಿಂತೇ ನೋಡುತ್ತಿದ್ದರು.

ಆ ವರ್ಷ ಮಗಳು ಒಂದು ಗೋಪುರ ಕಟ್ಟಲು ಹಿಡಿದಳು. ಗೋಪುರ ಏರುತ್ತ ಹೋದಂತೆ ಅದರ ನಡುವೆ ಒಂದು ಉದ್ದನೆಯ ಟೊಳ್ಳು ಬಿಡುತ್ತ ಬಂದಳು. ಗ್ರೀಸಣ್ಣ ಸ್ಟೂಲಿನಿಂದ ಎದ್ದು ನಿಂತುಬಿಟ್ಟರು.

"ತಮ್ಮಾ, ಶಾಫ್ಟ್ ಕಣೋ ಅದು! ನನ್ನ ಮಗಳು ಲಿಫ್ಟ್ ಕಟ್ತಿದಾಳೆ!"

ಮರುದಿನ ಕಾವಲುಗಾರನಿಗೂ ಹೇಳಿದರು, ಲೆಕ್ಕಪತ್ರದ ಮೇಡಮ್ಮಿಗೂ ಹೇಳಿದರು. "ಅಪ್ಪನ ಕಸುಬು ರಕ್ತದಲ್ಲಿ ಬಂದಿದೆ ಬಿಡು" ಎಂದು ಮೇಡಂ ಹೇಳಿದ್ದೇ ಸಾಕಾಯಿತು, ಆ ವಾರವೆಲ್ಲ ನಮ್ಮ ಲಿಫ್ಟಿಗೆ ಇಲ್ಲದ ಉಪಚಾರ ನಡೆಯಿತು.

ಆದರೆ ಮಗಳ ಲಿಫ್ಟು ಕೆಲಸ ಮಾಡಲಿಲ್ಲ. ಪ್ರತಿ ಸಲವೂ ಅರ್ಧಕ್ಕೆ ಏರಿ, ಅಲ್ಲಿಂದ ತಳಕ್ಕೆ ಬಿದ್ದು ಸಾಯುತ್ತಿದ್ದಳು. ಆ ಆಟದಲ್ಲಿ ಸತ್ತವರು ಮತ್ತೆ ಹುಟ್ಟುತ್ತಾರೆ, ಕೂಡಿಟ್ಟದ್ದು ಮಾತ್ರ ಚೆಲ್ಲಿಹೋಗುತ್ತದೆ. ಅವಳು ಬಿದ್ದಾಗಲೆಲ್ಲ ಗ್ರೀಸಣ್ಣ ಕೈ ಚಾಚುತ್ತಿದ್ದರು. ಕೈ ಲ್ಯಾಪ್‌ಟಾಪಿನ ಪರದೆಗೆ ತಗಲುತ್ತಿತ್ತು. ಪರದೆಯ ತುಂಬ ಗ್ರೀಸಿನ ಗುರುತುಗಳಾಗಿದ್ದವು.

ಆ ದಿನಗಳಲ್ಲಿಯೇ ಅವರು ಹೆಂಡತಿಯ ಅಕ್ಕನ ಮಗಳಿಗೆ ಫೋನು ಮಾಡಿದ್ದು. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳುತ್ತಿತ್ತು.

"ಅಮ್ಮಾ, ನಾನು ಅಲ್ಲಿದೀನಿ ಅಂತ ಅವಳಿಗೆ ಕಾಣೋ ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ ಚಿಕ್ಕಪ್ಪ. ಅದಕ್ಕೇ ಅಂತ ಒಂದು ಆಡ್‌ಆನ್ ಇದೆ. ಆಟಕ್ಕೆ ಜೋಡಿಸೋ ಒಂದು ಸಣ್ಣ ಸೇರಿಕೆ. ಅದನ್ನ ಹಾಕಿದ್ರೆ ನೋಡ್ತಾ ಇರೋರು ಎಲ್ಲರಿಗೂ ಬಿಳಿ ತಲೆ ಥರ ಕಾಣ್ತಾರೆ. ಹುಡುಗರೂ ಕೇಳ್ತಿದ್ರು, ಆಟದಲ್ಲಿ ಸೋತೋರು ಎಲ್ಲಿ ನಿಂತು ನೋಡ್ತಿದಾರೋ ಗೊತ್ತಾಗಲ್ಲ ಅಂತ. ಆದ್ರೆ ನೀವು ಯಾಕೆ? ಈಗ ಆರಾಮಾಗಿ ನೋಡ್ತಿದೀರಲ್ಲ."

"ಕಾಣದ ಹಾಗೆ ಒಳಗಿರಬಾರದಮ್ಮ."

"ಅಯ್ಯೋ ಚಿಕ್ಕಪ್ಪ, ಇದು ನಿಮ್ಮ ಲಿಫ್ಟಲ್ಲ! ಅವಳು ಏನಂತಾಳೋ ಯಾರಿಗೆ ಗೊತ್ತು? ಎದ್ದು ಹೋಗಿಬಿಟ್ರೆ ನಿಮಗೆ ಇರೋದೊಂದೂ ಹೋಗುತ್ತೆ."

"ಹೋದ್ರೆ ಹೋಗ್ಲಿ. ಕದ್ದು ನೋಡ್ತಿದ್ದ ಅಂತ ಮುಂದೆ ಯಾವತ್ತೋ ಗೊತ್ತಾಗೋದಕ್ಕಿಂತ, ಇಲ್ಲಿದೀನಿ ಅಂತ ನಾನೇ ಹೇಳೋದು ಮೇಲು. ಬಂದಿಲ್ಲ ಬಂದಿಲ್ಲ ಅಂತ ತಾನೆ ಅವಳ ದೂರು? ಬಂದಿದೀನಿ ಅಂತ ಕಾಣ್ಲಿ."

ಮಗಳು ನೋಡಬೇಕು, ಮಾತಾಡಬೇಕು ಎಂಬ ಆಸೆ ಅವರ ದನಿಯಲ್ಲಿ ಎಷ್ಟಿತ್ತೆಂದರೆ ಆ ಹುಡುಗಿ ಮತ್ತೆ ವಾದಿಸಲಿಲ್ಲ.

ಆಡ್‌ಆನ್ ಹಾಕಿದ ಸಂಜೆ ಗ್ರೀಸಣ್ಣ ಮುಖ ತೊಳೆದು, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ನನಗೆ ನಗು ಬಂತು.

"ಅಣ್ಣಾ, ಅಲ್ಲಿ ಕಾಣೋದು ಬರೀ ಬಿಳಿ ತಲೆ. ಅಂಗಿ ಕಾಣಲ್ಲ."

"ತಲೆ ಬಾಚಿದೀನಲ್ಲ, ಸಾಕು."

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಮೊದಲು ಕಂಡದ್ದು ಯಾವುದೋ ಹುಡುಗನಿಗೆ. 'ಲೋ, ಗೋಪುರದ ಪಕ್ಕ ನೋಡ್ರೋ, ದೆವ್ವ!' ಎಂದು ಬರೆದ. ಎಲ್ಲರೂ ಓಡಿ ಬಂದರು. ಒಬ್ಬ ಬಾಣ ಬಿಟ್ಟ, ಅದು ತಲೆಯೊಳಗಿಂದ ಹಾದುಹೋಯಿತು. ಇನ್ನೊಬ್ಬಳು ಕೋಳಿಮೊಟ್ಟೆ ಎಸೆದಳು. 'ಸುಣ್ಣದ ಮಡಕೆ', 'ಬೋಳು ಚಂದ್ರ' ಎಂದೆಲ್ಲ ಹೆಸರಿಟ್ಟರು. ನಾನು ಓದಿದ ಹಾಗೆಲ್ಲ ಗ್ರೀಸಣ್ಣ ಬಿದ್ದು ಬಿದ್ದು ನಗುತ್ತಿದ್ದರು. ಹಸಿರು ಅಂಗಿಯ ಗೊಂಬೆ ಕೂಡ ಗೋಪುರದಿಂದ ಇಳಿದು ಬಂದು ಎದುರಿಗೆ ನಿಂತಿತು. ಮೊದಲ ಬಾರಿಗೆ ಅದು ಅವರ ಕಡೆ ಮುಖ ಮಾಡಿ ನೋಡುತ್ತಿತ್ತು.

'ಯಾರು ನೀವು?' ಎಂದು ಬರೆದಳು.

ನಾನು ಓದುವ ಮೊದಲೇ ಅದು ಅವರಿಗೆ ಅರ್ಥವಾಗಿತ್ತು. ಕೀಲಿಗಳನ್ನು ಹುಡುಕಿ ಹುಡುಕಿ, ಒಂದೇ ಬೆರಳಿನಲ್ಲಿ ತಾವೇ ಒತ್ತಿದರು. 'ನಾನು ಕಣಮ್ಮ. ಅಪ್ಪ.'

ಹಸಿರು ಗೊಂಬೆ ಅಲ್ಲಾಡಲಿಲ್ಲ. ಬೇರೆ ಮಕ್ಕಳು ಬರೆಯತೊಡಗಿದರು. ನಾನು ಓದುತ್ತ ಹೋದವನು ಒಂದು ಸಾಲಿಗೆ ಬಂದು ನಿಲ್ಲಿಸಿದೆ.

"ಏನಂತೆ?" ಎಂದರು.

"ಏನಿಲ್ಲಣ್ಣ, ಏನೋ ತಮಾಷೆ ಮಾಡ್ತಿದಾರೆ."

"ಓದು ತಮ್ಮಾ."

ಓದಿದೆ. 'ಯಾರಪ್ಪ? ಇವಳಪ್ಪ ಸತ್ತೋಗಿದಾರಲ್ಲ.' ಅದರ ಕೆಳಗೆ ಇನ್ನೊಬ್ಬಳು, 'ಹೌದು, ಚಿಕ್ಕವಳಿದ್ದಾಗಲೇ. ಅವಳೇ ಹೇಳಿದ್ಲು.' ಅದರ ಕೆಳಗೆ ಆ ಬಾಣದ ಹುಡುಗ, 'ಹಾಗಾದ್ರೆ ಸುಳ್ಳು ಹೇಳಿದ್ಲಾ?'

ಹೊಸ ಊರಿನ ಹೊಸ ಶಾಲೆಯಲ್ಲಿ ಮಕ್ಕಳು ಕೇಳಿರಬೇಕು, ನಿಮ್ಮಪ್ಪ ಎಲ್ಲಿ ಎಂದು. ಹತ್ತು ಪ್ರಶ್ನೆಗೆ ಒಂದೇ ಉತ್ತರವಾಗಲಿ ಎಂದು ಅವಳು ಹಾಗೆ ಹೇಳಿರಬೇಕು. ಆ ಮಾತನ್ನು ನಂಬಿ ಅವಳ ಬಗ್ಗೆ ಮರುಕಪಟ್ಟಿದ್ದ ಗೆಳೆಯರೆಲ್ಲ ಈಗ ಅವಳ ಸುತ್ತ ನಿಂತಿದ್ದರು. 'ಹೇಳೇ, ಸುಳ್ಳಾ?' ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದರು. ಅವಳು ಏನೂ ಬರೆಯಲಿಲ್ಲ.

ಗ್ರೀಸಣ್ಣ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆಳಗೆ ಯಾರೋ ಗುಂಡಿ ಒತ್ತಿದರು, ಚಕ್ರ ತಿರುಗಿತು, ನಿಂತಿತು.

"ತಮ್ಮಾ, ನಾನು ಹೇಳಿದ್ದನ್ನ ಬರಿ. ನನಗೆ ತಡ ಆಗುತ್ತೆ" ಎಂದರು.

"ಏನು ಬರೀಲಿ?"

"ತಪ್ಪಾಯ್ತು ಮಕ್ಕಳಾ ಅಂತ ಬರಿ. ನಾನು ಬೇರೆ ಹುಡುಗಿಯ ಅಪ್ಪ. ನನ್ನ ಮಗಳ ಆಟ ಅಂದ್ಕೊಂಡು ದಾರಿ ತಪ್ಪಿ ಇಲ್ಲಿಗೆ ಬಂದುಬಿಟ್ಟೆ. ಈ ಮಗು ಯಾರೋ ನನಗೆ ಗೊತ್ತಿಲ್ಲ."

ನಾನು ಅವರ ಮುಖ ನೋಡಿದೆ.

"ಅಣ್ಣಾ..."

"ಬರಿಯೋ. ಆ ಮಗು ಅಲ್ಲಿ ಒಬ್ಬಳೇ ನಿಂತಿದಾಳೆ."

ಬರೆದೆ. ಮಕ್ಕಳಿಗೆ ಅಷ್ಟು ಸಾಕಾಯಿತು. 'ಥೂ, ಯಾವುದೋ ಅಂಕಲ್ಲು' ಎಂದ ಬಾಣದ ಹುಡುಗ. 'ಅಂಕಲ್, ನಿಮ್ಮ ಮಗಳ ಆಟಕ್ಕೆ ಎಡಗಡೆ ತಿರುಗಿ' ಎಂದು ಇನ್ನೊಬ್ಬಳು ಕೀಟಲೆ ಮಾಡಿದಳು. ಅವರೆಲ್ಲ ಚದುರಿದರು. ಹಸಿರು ಗೊಂಬೆ ಮಾತ್ರ ಅಲ್ಲೇ ಇತ್ತು. ಬಹಳ ಹೊತ್ತಿನ ಮೇಲೆ ಅವಳು ಒಂದು ಸಾಲು ಬರೆದಳು.

'ಪರವಾಗಿಲ್ಲ ಅಂಕಲ್.'

ಗ್ರೀಸಣ್ಣ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಆಟದಿಂದ ಹೊರಗೆ ಬಂದು ಲ್ಯಾಪ್‌ಟಾಪು ಮುಚ್ಚಿದರು.

"ಮರ್ಯಾದೆಯಿಂದ ಮಾತಾಡ್ತಾಳೆ ನೋಡು" ಎಂದರು. "ಗುರುತಿಲ್ಲದೋರ ಹತ್ರಾನೂ. ಅವಳಮ್ಮ ಚೆನ್ನಾಗಿ ಬೆಳೆಸಿದಾಳೆ."

ಒಗೆದ ಅಂಗಿಯನ್ನು ಕಳಚಿ ಮಡಿಸಿ ಚೀಲಕ್ಕೆ ಹಾಕಿ, ಕೆಲಸದ ಅಂಗಿ ತೊಟ್ಟುಕೊಂಡರು. ಮೋಟಾರಿನ ಹತ್ತಿರ ಹೋಗಿ, ಬಿಗಿಯಾಗಿಯೇ ಇದ್ದ ಒಂದು ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿಮಾಡುತ್ತ ನಿಂತರು. ಬೆನ್ನು ನನ್ನ ಕಡೆಗಿತ್ತು. ನಾನು ಸದ್ದಿಲ್ಲದೆ ಮೆಟ್ಟಿಲಿಳಿದು ಬಂದೆ.

ಎರಡು ದಿನದ ಮೇಲೆ ಅಕ್ಕನ ಮಗಳು ಫೋನು ಮಾಡಿದಳು. ಊಟದ ಹೊತ್ತು, ನಾನೂ ಅಲ್ಲಿದ್ದೆ.

"ನಾನು ಬೇಡ ಬೇಡ ಅಂದೆ ತಾನೆ ಚಿಕ್ಕಪ್ಪ?"

"ಅಂದೆ ಕಣಮ್ಮ. ಅವಳು ಹೇಗಿದಾಳೆ?"

"ಆ ಸಂಜೆ ಊಟ ಮಾಡಲಿಲ್ಲ. ಯಾಕೆ ಅಂದ್ರೆ ಹೊಟ್ಟೆನೋವು ಅಂದ್ಲು. ನಿನ್ನೆ ನನ್ನ ಹತ್ರ ಬಂದು, ಆ ಅಂಕಲ್ ಮತ್ತೆ ಬರ್ತಾರಾ ಅಂತ ಕೇಳಿದ್ಲು. ಬರಬೇಕಾ ಅಂತ ನಾನು ಕೇಳಿದೆ. ಭುಜ ಕುಣಿಸಿ ಹೋಗಿಬಿಟ್ಲು."

ಗ್ರೀಸಣ್ಣ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು.

"ಚಿಕ್ಕಪ್ಪ, ಒಂದು ಕೆಲಸ ಮಾಡ್ತೀನಿ. ಆ ಆಡ್‌ಆನ್ ತೆಗೆದುಬಿಡ್ತೀನಿ. ಮೊದಲಿನ ಹಾಗೆ ಯಾರಿಗೂ ಕಾಣದೆ ಬಂದು ನೋಡಿ. ಅವಳಿಗೆ ಗೊತ್ತೇ ಆಗಲ್ಲ."

ಅವರು ಬೇಡ ಎಂದು ತಲೆ ಆಡಿಸಿದರು, ಫೋನಿನಲ್ಲಿ ಅದು ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

"ಬೇಡಮ್ಮ. ಈಗ ಅವಳಿಗೆ ನಾನು ಬರೋ ಜಾಗ ಗೊತ್ತು. ಕಾಣದಿದ್ರೂ, ಇದಾರೇನೋ ಇದಾರೇನೋ ಅಂತ ತಿರುಗಿ ತಿರುಗಿ ನೋಡ್ತಾಳೆ. ಆಡೋಕಾಗಲ್ಲ. ಕಂಡ್ರೆ ಅವಳು ಮತ್ತೆ ಸುಳ್ಳು ಹೇಳಬೇಕಾಗುತ್ತೆ. ನನ್ನ ಹೆಸರನ್ನೇ ತೆಗೆದುಬಿಡು. ತೆಗೆದಿದೀನಿ ಅಂತ ಅವಳಿಗೂ ಹೇಳು. ಆ ಅಂಕಲ್ ಬರಲ್ಲವಂತೆ ಅನ್ನು."

"ಅಪ್ಪ ಅಂತ ಹೇಳಲಾ?"

"ಅಂಕಲ್ ಅಂತಾನೇ ಹೇಳು. ಅವಳೇ ಕರೆದ ಹೆಸರು." ಡಬ್ಬಿಯ ಮುಚ್ಚಳ ಕೆಳಗಿಟ್ಟು ಕೇಳಿದರು. "ಲಿಫ್ಟು ಏನಾಯ್ತು?"

"ಅದಾ? ನಿನ್ನೆ ಕೆಲಸ ಮಾಡ್ತು ಚಿಕ್ಕಪ್ಪ. ಹಗ್ಗ ಗಿಗ್ಗ ಏನಿಲ್ಲ, ನೀರು ತುಂಬಿಸಿದಾಳೆ. ನೀರೇ ಮೇಲಕ್ಕೆ ತಳ್ಳುತ್ತೆ."

"ನೀರಾ!" ಎಂದರು. "ನಾನಾಗಿದ್ರೆ ಚಕ್ರ ಹಾಕು ಅಂತ ಹೇಳಿ ಅವಳ ತಲೆ ಕೆಡಿಸ್ತಿದ್ದೆ. ಬೀಳ್ತಾಳಾ ಈಗ?"

"ಇಲ್ಲ ಚಿಕ್ಕಪ್ಪ, ಬೀಳಲ್ಲ."

ಫೋನಿಟ್ಟ ಮೇಲೆ ಅವರ ಡಬ್ಬಿಯ ಅನ್ನ ಹಾಗೆಯೇ ಉಳಿಯಿತು. ನಾನು ಪಾರಿವಾಳಗಳಿಗೆ ಹಾಕಿದೆ.

ಆಮೇಲೂ ವಾರಕ್ಕೊಮ್ಮೆ ಮಗಳ ನಂಬರಿಗೆ ಫೋನು ಮಾಡುತ್ತಿದ್ದರು. ಅದು ಸದ್ದು ಮಾಡಿ ಮಾಡಿ ನಿಲ್ಲುತ್ತಿತ್ತು. ಹೆಂಡತಿ ಒಮ್ಮೆ ತಾವಾಗಿಯೇ ಫೋನು ಮಾಡಿ, "ಏನಾಯ್ತೂಂತ ಅವಳೂ ಹೇಳಲ್ಲ, ನೀವೂ ಹೇಳಲ್ಲ. ಅಪ್ಪ ಮಗಳು ಒಂದೇ ಅಚ್ಚು" ಎಂದು ಬೈದರಂತೆ. ಆ ಬೈಗುಳವನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಗೆಲುವಿತ್ತು.

ಮುಂದಿನ ವರ್ಷ ಕಂಪನಿ ಅವರನ್ನು ಬೇರೆ ಕಡೆಗೆ ಹಾಕಿತು. ಹೋಗುವಾಗ ಲ್ಯಾಪ್‌ಟಾಪನ್ನು ನನಗೆ ಕೊಟ್ಟು, "ನಿನಗೆ ಪರೀಕ್ಷೆ ಕಟ್ಟೋಕೆ ಬೇಕಾಗುತ್ತೆ, ಇಟ್ಕೋ" ಎಂದರು. ಪರದೆಯ ಮೇಲಿನ ಗ್ರೀಸನ್ನು ಅವರೇ ಒರೆಸಿ ಶುಚಿ ಮಾಡಿದ್ದರು.

ಆ ಲಿಫ್ಟಿನ ಗೋಪುರ ಈಗಲೂ ಇದೆಯಂತೆ. ಮಗಳು ಹತ್ತನೆಯ ತರಗತಿಗೆ ಬಂದಿದ್ದಾಳೆ, ಆಟಕ್ಕೆ ಬರುವುದು ಅಪರೂಪವಂತೆ. ಅಕ್ಕನ ಮಗಳು ಆಗಾಗ ಚಿಕ್ಕಪ್ಪನಿಗೆ ಇಷ್ಟನ್ನು ಹೇಳುತ್ತಾಳೆ, ಅವರು ಅದಕ್ಕಿಂತ ಹೆಚ್ಚು ಕೇಳುವುದಿಲ್ಲ.

ಗ್ರೀಸಣ್ಣ ಈಗ ಊರಾಚೆಯ ದೊಡ್ಡ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುತ್ತಾರೆ. ಹಗಲು ಪಾಳಿ. ಸಂಜೆ ಕೈ ತೊಳೆದುಕೊಂಡು ಮನೆಗೆ ಹೋಗಿ, ಒಬ್ಬರಿಗೆ ಬೇಕಾದಷ್ಟು ಅಡುಗೆ ಮಾಡಿಕೊಳ್ಳುತ್ತಾರೆ.